ಭಾನುವಾರ ಎಂಟು ಗಂಟೆಯ ಭುಯಾರ

ಕಳೆದ ತಿಂಗಳು ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ನಾಸಿಕಕ್ಕೆ ಹೋಗಿದ್ದೆ. ಫೋನಿಗೆ ಚಾರ್ಜರ್ ಸರಿಯಾಗಿ ಕೂರುತ್ತಿರಲಿಲ್ಲ. ಬಸ್ ನಿಲ್ದಾಣದ ಎದುರಿನ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಅಂಗಡಿಯವನು ಫೋನು ಬಿಚ್ಚಿ, ಬಿಸಿ ಕಡ್ಡಿಯ ತುದಿಯನ್ನು ರಾಳಕ್ಕೆ ಒತ್ತಿದ. ಬೆಸುಗೆಯ ರಾಳದ ಹೊಗೆ ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಅದು ಮೂಗಿಗೆ ಬಂದಾಗ ನಾನು ವೀರಭದ್ರಪ್ಪ ಕಾಕಾ ಅವರ ಮುಂದಿನ ಕೋಣೆಯಲ್ಲಿದ್ದೆ. ಎರಡು ಸಾವಿರದ ಹನ್ನೊಂದರ ಮಳೆಗಾಲ ಅದು.

ಕಾಕಾ ನನಗೆ ರಕ್ತ ಸಂಬಂಧಿಯಲ್ಲ. ಕಲಬುರಗಿ ಜಿಲ್ಲೆಯ ಆಳಂದದ ಕಡೆಯವರು. ತಂತಿ ಇಲಾಖೆಯಲ್ಲಿ ಕೆಲಸ ಮಾಡಿ, ನಾಸಿಕದಲ್ಲೇ ನಿವೃತ್ತರಾಗಿ, ಅಲ್ಲೇ ಮನೆ ಕಟ್ಟಿಕೊಂಡವರು. ನಾನು ಬೀದರ ಜಿಲ್ಲೆ ಭಾಲ್ಕಿಯವನು. ಬ್ಯಾಂಕಿನ ವರ್ಗಾವಣೆಯಲ್ಲಿ ನಾಸಿಕಕ್ಕೆ ಬಂದು ಮೂರು ವರ್ಷ ಇದ್ದೆ. ಮೊದಲ ವರ್ಷವೇ ಅವರ ಕೈಗೆ ಸಿಕ್ಕಿಬಿದ್ದೆ ಅನ್ನಿ. ಅವರ ಹುಚ್ಚು ಹವ್ಯಾಸಿ ರೇಡಿಯೊ. ಸರಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಪಡೆದು, ಮನೆಯಲ್ಲಿ ಸೆಟ್ಟು ಇಟ್ಟು, ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ ಗಾಳಿಯಲ್ಲಿ ಮಾತಾಡುವ ಹವ್ಯಾಸ. ನನ್ನನ್ನೂ ಓದಿಸಿ ಪರೀಕ್ಷೆಗೆ ಕೂರಿಸಿದರು. ನಾನು ಪಾಸಾದ ದಿನ ಕಾಕು, ಅಂದರೆ ಅವರ ಹೆಂಡತಿ ಗುರಮ್ಮನವರು, ನನ್ನ ಹೆಂಡತಿ ಸುನಂದಾಳಿಗೆ, "ಇನ್ನ ನಿನಗೂ ನನ್ನ ಗತೀನೇ ಬಂತು ನೋಡವ್ವಾ," ಎಂದು ಹೋಳಿಗೆ ಬಡಿಸಿದ್ದರು.

ಪ್ರತಿ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಕಾಕಾ ಕನ್ನಡದ ಒಂದು ಮಾತುಕೂಟ ನಡೆಸುತ್ತಿದ್ದರು. ನಾಸಿಕ ಮತ್ತು ಸುತ್ತಲಿನ ಐದು ಜನ ಲೈಸೆನ್ಸುದಾರರು ಹಾಜರಿ ಕೊಡುವ ಕೂಟ. ಬ್ಯಾಂಕಿನವರು, ಕೇಂದ್ರ ಸರಕಾರದ ನೌಕರಿಯವರು, ಸಿನ್ನರ್ ಕಾರ್ಖಾನೆಯ ಕುಲಕರ್ಣಿ. ವಾರವೆಲ್ಲ ಮರಾಠಿ, ಹಿಂದಿಯಲ್ಲಿ ಮುಳುಗಿದ್ದವರು ಅರ್ಧ ಗಂಟೆ ಕನ್ನಡದಲ್ಲಿ ಉಸಿರಾಡುತ್ತಿದ್ದರು. ಆದರೆ ಆ ಐವರ ಸೆಟ್ಟುಗಳು ಸಣ್ಣವು. ಅವರಿಗೆ ಒಬ್ಬರದು ಒಬ್ಬರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎಲ್ಲರಿಗೂ ಕೇಳುವುದು, ಎಲ್ಲರನ್ನೂ ಕೇಳಿಸಿಕೊಳ್ಳುವುದು ಕಾಕಾ ಅವರ ಎತ್ತರದ ಆಂಟೆನಾ ಮಾತ್ರ. ಅವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಅವರು ಹೇಳಿದ್ದನ್ನು ಉಳಿದವರಿಗೆ ಮತ್ತೆ ಹೇಳುತ್ತಿದ್ದರು. ಆ ಮನೆ ಸುಮ್ಮನಾದರೆ ಕೂಟ ಇಲ್ಲ. ಮನೆಯಲ್ಲಿ ನನ್ನನ್ನು "ನೀ" ಎನ್ನುತ್ತಿದ್ದ ಕಾಕಾ ಗಾಳಿಗೆ ಬಂದರೆ ಎಲ್ಲರಿಗೂ "ನೀವು", ಎಲ್ಲರಿಗೂ "ರೀ". ಅದು ತಂತಿ ಇಲಾಖೆಯ ಶಿಸ್ತು.

ಎರಡು ಸಾವಿರದ ಹನ್ನೊಂದರ ಮೇ ತಿಂಗಳಲ್ಲಿ ನನಗೆ ಔರಂಗಾಬಾದಿಗೆ ವರ್ಗವಾಯಿತು. ಈಗ ಅದನ್ನು ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಆಗಿನ ನನ್ನ ಆರ್ಡರಿನಲ್ಲಿ ಹಳೆಯ ಹೆಸರೇ ಇತ್ತು. ನಾಸಿಕದ ಸೆಟ್ಟುಗಳ ಸದ್ದು ಅಲ್ಲಿಗೆ ಮುಟ್ಟುವ ಮಾತೇ ಇಲ್ಲ. ನಡುವೆ ಗುಡ್ಡಗಳು. ಕೂಟ ತಪ್ಪಿತು ಎಂದುಕೊಂಡು ಸುಮ್ಮನಿದ್ದೆ.

ಆಗಸ್ಟಿನಲ್ಲಿ ಕಾಕಾ ಫೋನ್ ಮಾಡಿದರು. ದನಿ ಒಡೆದಿತ್ತು. ನೆಗಡಿ ಇರಬೇಕು ಎಂದುಕೊಂಡೆ.

"ನೆಗಡಿ ಅಲ್ಲಪಾ. ಗಂಟಲ್ದಾಗ ಗಂಟು ಅದ ಅಂದಾರ. ಆಪರೇಷನ್ ಮಾಡಿ ದನಿ ಪೆಟ್ಟಿಗೀನೇ ತಗೀತಾರಂತ. ತಾರೀಖೂ ಕೊಟ್ಟಾರ. ಇನ್ನ ನಾಕು ಐತ್ವಾರ ಅವ ನನ್ನ ಕೈಯಾಗ."

ನಾನು ಏನೋ ಸಮಾಧಾನ ಹೇಳಲು ಹೋದೆ. ಅವರು ಬಿಡಲಿಲ್ಲ.

"ಅದನ್ನೆಲ್ಲ ನಿನ್ನ ಕಾಕುಗ ಹೇಳು, ಆಕೀಗಿ ಬೇಕಾಗ್ಯದ. ನನಗ ಬೇಕಾದ್ದು ಬ್ಯಾರೆ. ನಾಕನೇ ಐತ್ವಾರ ಕೂಟ ನಿನ್ನ ಕೈಗಿ ಕೊಡಬೇಕು. ನನ್ನ ಬಾಯಿಲೇ ಹೇಳಿ ಕೊಡಬೇಕು. ನೀ ಅಲ್ಲೇ ಕುಂತು ನನ್ನ ಸೆಟ್ಟಿನಾಗ ಮಾತಾಡೋ ಹಂಗ ಮಾಡ್ತೀ ಏನು?"

ಹತ್ತಿರದ ಸಿನ್ನರಿನಲ್ಲೇ ಇದ್ದ ಕುಲಕರ್ಣಿಯವರನ್ನು ಮನೆಗೆ ಕರೆಸಿ ನಡೆಸಬಹುದಲ್ಲ ಎಂದು ಕೇಳಿದೆ. ಅದಕ್ಕೆ ಅವರ ಉತ್ತರ ಈಗಲೂ ಕಿವಿಯಲ್ಲಿದೆ. "ನನ್ನ ಮೇಜಿನ ಮುಂದ ಇನ್ನೊಬ್ಬ ಕುಂತು ಮಾತಾಡ್ಲಿ, ನಾ ಬಾಯಿ ನೋಡ್ಕೋತ ಕುಂದ್ರಲೇನು? ದೂರದಿಂದ ಮಾತಾಡಿದ್ರ ಬ್ಯಾರೆ. ಸೆಟ್ಟಿನ ಮುಂದ ನಾನೇ ಇರ್ತೀನಿ. ಕಾಯ್ದೆನೂ ಅದೇ ಹೇಳ್ತದ."

ಬ್ಯಾಂಕಿನ ಶಾಖೆಯಲ್ಲಿ ಕಂಪ್ಯೂಟರಿನ ಜಾಲ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು, ಹಾಗಾಗಿ ದಾರಿ ಗೊತ್ತಿತ್ತು. ಅವರ ಮನೆಯಲ್ಲೊಂದು ಕಂಪ್ಯೂಟರು, ನನ್ನ ಮನೆಯಲ್ಲೊಂದು. ಇಂಟರ್ನೆಟ್ಟಿನ ಒಳಗೆ ಅವೆರಡರ ನಡುವೆ ಖಾಸಗಿ ಹಾದಿಯೊಂದನ್ನು ಮಾಡಬೇಕು. ಅದನ್ನು ಟನಲ್ ಎನ್ನುತ್ತಾರೆ. ಅದು ಕೂಡಿದರೆ ಎರಡೂ ಯಂತ್ರ ಒಂದೇ ಮನೆಯಲ್ಲಿ ಇದ್ದಂತೆ ನಡೆದುಕೊಳ್ಳುತ್ತವೆ. ನಾನು ಇಲ್ಲಿ ಮೈಕಿನಲ್ಲಿ ಮಾತಾಡಿದರೆ ಅಲ್ಲಿ ಸೆಟ್ಟು ಗಾಳಿಗೆ ಬಿಡುತ್ತದೆ. ಕಾಕಾಗೆ ಆ ಇಂಗ್ಲಿಷ್ ಹೆಸರು ರುಚಿಸಲಿಲ್ಲ. ದೌಲತಾಬಾದ್ ಕಿಲ್ಲೆಯ ಕತ್ತಲೆ ಹಾದಿಗೆ ಮರಾಠಿಯವರು ಹೇಳುವಂತೆ ಅವರು ಅದನ್ನು ಭುಯಾರ ಎಂದೇ ಕರೆದರು.

ಮೊದಲ ಶನಿವಾರ ಅರ್ಧ ದಿನದ ಬ್ಯಾಂಕು ಮುಗಿಸಿ ಬಸ್ಸು ಹತ್ತಿದೆ. ವೈಜಾಪುರ, ಯೇವಲಾ ದಾಟಿ ನಾಸಿಕ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಕಾಕಾ ಹೊಸದಾಗಿ ಇಂಟರ್ನೆಟ್ ಹಾಕಿಸಿದ್ದರು. ಇಷ್ಟು ವರ್ಷ ಸೆಟ್ಟು, ಮೀಟರು, ಬೆಸುಗೆ ಕಡ್ಡಿ, ತಂತಿ ಇಲಾಖೆಯ ಕಾಲದ ಮೋರ್ಸ್ ಬಜರು ಮಾತ್ರ ಇದ್ದ ಮೇಜಿನ ಮೇಲೆ ಈಗ ಮಿಣಿಮಿಣಿ ದೀಪಗಳ ಮೋಡೆಮ್ ಕೂತಿತ್ತು. ನಾನು ತಂತಿ ಬೆಸೆದೆ. ಅವರ ಮೈಕಿನ ಸದ್ದೂ ನನ್ನ ಕಡೆಗೆ ಬರುವಂತೆ ಒಂದು ಎಳೆ ಕೂಡಿಸಿದೆ. ಹೊರಗಿನಿಂದ ಬಂದದ್ದನ್ನು ಒಳಗೆ ಬಿಡು ಎಂದು ಮೋಡೆಮಿಗೆ ಹೇಳಿದೆ. ನಮ್ಮ ಮನೆಯ ಇಂಟರ್ನೆಟ್ ವಿಳಾಸ ಇದು, ನಿಮ್ಮ ಮನೆಯದು ಇದು ಎಂದು ಎರಡೂ ಕಡೆ ಬರೆದೆ. ಔರಂಗಾಬಾದಿನ ಮನೆಯಲ್ಲಿ ಕೂತ ಸುನಂದಾಳಿಗೆ ಫೋನಿನಲ್ಲಿ ಹೇಳಿ ಆ ಕಡೆಯದನ್ನು ಒತ್ತಿಸಿದೆ. ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ಅವಳ ದನಿ ಬಂತು.

"ಊಟ ಆತೇನ್ರಿ ಕಾಕಾ?"

ಕಾಕಾ ನಕ್ಕರು. ನಕ್ಕರೆ ಕೆಮ್ಮು ಬರುತ್ತಿತ್ತು. ಅವರು ಊಟಕ್ಕೆ ಎದ್ದರು, ನಾನು ರಾತ್ರಿಯ ಬಸ್ಸಿಗೆ ಓಡಿದೆ.

ಭಾನುವಾರ ಎಂಟಕ್ಕೆ ಇತ್ತ ನಾನು ಮೈಕು ಹಿಡಿದು ಕೂತರೆ ಭುಯಾರದ ಆ ತುದಿಯಲ್ಲಿ ಯಾರೂ ಇರಲಿಲ್ಲ. ಕರೆದೆ, ಮತ್ತೆ ಕರೆದೆ. ಕೊನೆಗೆ ಫೋನು ಮಾಡಿದೆ.

"ಕಾಕಾ, ಏನಾದ್ರೂ ಮುಟ್ಟೀರೇನು?"

"ಏನೂ ಮುಟ್ಟಿಲ್ಲ. ನೀ ಮಾಡಿಟ್ಟು ಹೋದಂಗೇ ಅದ."

ಆ ಭಾನುವಾರ ಕಾಕಾ ಒಡೆದ ದನಿಯಲ್ಲೇ ಕೂಟ ನಡೆಸಿದರು. ಕುಲಕರ್ಣಿ ನಂತರ ನನಗೆ ಫೋನ್ ಮಾಡಿ, "ಒಬ್ಬೊಬ್ಬರ ಮಾತು ತಿರುಗಿ ಹೇಳೂದರೊಳಗ ಅವರು ಎರಡೆರಡು ಸಲ ನೀರು ಕುಡದರ್ರಿ," ಎಂದರು.

ದೂರುವುದು ಸುಲಭ. ಮಳೆಯಲ್ಲಿ ಟೆಲಿಫೋನ್ ತಂತಿಯ ಜೋಡಣೆಗೆ ನೀರು ಹೋಗಿದೆ ಎಂದೆ. ಕಾಕಾ ದೂರು ಕೊಟ್ಟು, ಲೈನಿನವನನ್ನು ಕರೆಸಿ, ಕಂಬದಿಂದ ಮನೆಯವರೆಗೆ ಹೊಸ ತಂತಿ ಎಳೆಸಿದರು. ಮುಂದಿನ ಶನಿವಾರ ನಾನು ಮತ್ತೆ ಬಸ್ಸು ಹತ್ತಿದೆ. ಬ್ಯಾಂಕಿನವರಿಗೆ ಒಂದು ಚಾಳಿ ಇರುತ್ತದೆ. ಚೀಟಿಯಲ್ಲಿ ಅಂಕಿ ತಪ್ಪಿದರೆ ಅದರ ಮೇಲೆ ತಿದ್ದುವುದಿಲ್ಲ, ಹರಿದು ಹಾಕಿ ಹೊಸದು ಬರೆಯುತ್ತೇವೆ. ಇಪ್ಪತ್ತು ವರ್ಷ ಹಾಗೆ ಮಾಡಿದ ಕೈ ನನ್ನದು. ಕಾಕಾ ಅವರ ಕಂಪ್ಯೂಟರಿನಲ್ಲಿ ನಾನು ಬರೆದದ್ದನ್ನೆಲ್ಲ ಅಳಿಸಿ, ಮೊದಲಿನಿಂದ ಎಲ್ಲವನ್ನೂ ಹೊಸದಾಗಿ ಬರೆದೆ. ಸುನಂದಾಳಿಂದ ಆ ಕಡೆಯದನ್ನೂ ಹಾಗೇ ಅಳಿಸಿಸಿ ಬರೆಸಿದೆ. ಹಳೆಯದರಲ್ಲಿ ಏನಿತ್ತು, ಹೊಸದರಲ್ಲಿ ಏನಾಯಿತು ಎಂದು ಪಕ್ಕದಲ್ಲಿಟ್ಟು ನೋಡಲೇ ಇಲ್ಲ. ಭುಯಾರ ತೆರೆಯಿತು. ಸುನಂದಾ ಈ ಸಲ, "ಇವರನ್ನ ಅಲ್ಲೇ ಇಟ್ಕೋರಿ ಕಾಕಾ, ವಾರಾ ವಾರಾ ಬಸ್ಸಿನಾಗ ಎದಕ್ಕ ಕುಲುಕಸ್ತೀರಿ," ಎಂದಳು. ಎಲ್ಲ ಸರಿ ಇತ್ತು.

ಭಾನುವಾರ ಎಂಟಕ್ಕೆ ಭುಯಾರ ಮತ್ತೆ ಮುಚ್ಚಿತ್ತು. ಫೋನು ಮಾಡಿದೆ.

"ಏನೂ ಮುಟ್ಟಿಲ್ಲೇನ್ರಿ?"

"ಮುಟ್ಟಿಲ್ಲಂದ್ನೆಲ್ಲೋ. ಆಗಲ್ಲಂದ್ರ ಆಗಲ್ಲಂತ ಹೇಳು, ಬಸವರಾಜ. ನಾ ಮನಸು ತಯಾರ ಮಾಡ್ಕೋತೀನಿ. ಆದ್ರ ನನಗ ಸುಳ್ಳು ಆಸೆ ಹಚ್ಚಬ್ಯಾಡ."

ಕಾಕಾ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಸದಾ ಬಸು ಎನ್ನುತ್ತಿದ್ದರು. ಆ ವಾರ ಬ್ಯಾಂಕಿನಲ್ಲಿ ಕೂತರೂ ತಲೆಯಲ್ಲಿ ಆ ಮೇಜೇ. ಕಂಪ್ಯೂಟರಿನದೋ, ಮೋಡೆಮಿನದೋ, ಇಂಟರ್ನೆಟ್ಟಿನದೋ ಎಂದು ಪಟ್ಟಿ ಮಾಡಿ, ಒಂದೊಂದನ್ನೇ ಹೊಡೆದು ಹಾಕುತ್ತಾ ಬಂದೆ. ಏನೂ ಉಳಿಯಲಿಲ್ಲ. ಕಾರಣವಿಲ್ಲದೆ ಶನಿವಾರ ಬದುಕಿ ಭಾನುವಾರ ಸಾಯುವ ಯಂತ್ರವನ್ನು ನಾನು ನೋಡಿರಲಿಲ್ಲ.

ಮೂರನೆಯ ಶನಿವಾರ ನಾಸಿಕದಲ್ಲಿ ಗುಡುಗು ಮಳೆ. ಎಂದಿನಂತೆ ಅಳಿಸಿ ಬರೆದೆ, ಎಂದಿನಂತೆ ಕೂಡಿತು. ಬಸ್ಸಿಗೆ ಹೊರಡಬೇಕು ಎನ್ನುವಾಗ ಯೇವಲಾದ ಹತ್ತಿರ ಹಳ್ಳ ರಸ್ತೆಯ ಮೇಲೆ ಹರಿಯುತ್ತಿದೆ, ಬಸ್ಸು ಬಿಡುವುದಿಲ್ಲ ಎಂದು ನಿಲ್ದಾಣದಿಂದ ಸುದ್ದಿ ಬಂತು. "ಬಾ, ರೊಟ್ಟಿ ತಿನ್ನು, ಇಲ್ಲೇ ಮಕ್ಕೊ," ಎಂದರು ಕಾಕು. ನಾನು ತಾಟಿನ ಮುಂದೆ ಕೂತೆ. ಅಲ್ಲಿಂದ ಮುಂದಿನ ಕೋಣೆಯ ಮೇಜು ಕಾಣುತ್ತಿತ್ತು. ಊಟಕ್ಕೆ ಬರುವ ಮೊದಲು ಕಾಕಾ ಸ್ಟೇಷನ್ ಮುಚ್ಚಲು ನಿಂತರು.

ನಾಸಿಕದಲ್ಲಿದ್ದ ಮೂರು ವರ್ಷದಲ್ಲಿ ಅದನ್ನು ನೂರು ಸಲ ನೋಡಿದ್ದೆ. ಮೊದಲು ಸೆಟ್ಟು ಆರಿಸುವುದು. ಆಮೇಲೆ ಆಂಟೆನಾದ ತಂತಿ ಕಳಚಿ ಕಿಟಕಿಯ ಹೊರಗಿನ ಕೊಕ್ಕೆಗೆ ನೇತು ಹಾಕುವುದು. ಆಮೇಲೆ ಮೇಜಿನ ಪ್ಲಗ್ಗು ಒಂದೊಂದನ್ನೇ ಗೋಡೆಯಿಂದ ಕೀಳುವುದು. ಕೊನೆಗೆ ಒಗೆದ ಬಿಳಿ ಬಟ್ಟೆಯೊಂದನ್ನು ಸೆಟ್ಟಿನ ಮೇಲೆ ಹೊದಿಸುವುದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎಲ್ಲ ಎತ್ತಿಡುವಾಗ ಇದ್ದ ನಿಧಾನವೇ ಅದರಲ್ಲೂ. ಆ ರಾತ್ರಿ ಹೊಸದೊಂದು ಸೇರಿತ್ತು. ಅವರು ಮೋಡೆಮಿನ ಪ್ಲಗ್ಗು ಕಿತ್ತರು, ಅದರ ಹಿಂದಿನ ಟೆಲಿಫೋನ್ ತಂತಿಯನ್ನೂ ಕಳಚಿದರು. ಮಿಣಿಮಿಣಿ ದೀಪ ಆರಿತು.

ರೊಟ್ಟಿ ಮುರಿದ ಕೈ ಹಾಗೇ ನಿಂತಿತು.

"ಕಾಕಾ, ಅದನ್ನೂ ತಗೀತೀರೇನು?"

"ಹೂಂ ಮತ್ತ. ಇದು ಸೆಟ್ಟು, ಅದು ಮೋಡೆಮು ಅಂತ ಸಿಡಿಲಿಗಿ ಹ್ಯಾಂಗ ಗೊತ್ತಾಗ್ತದ?"

"ದಿನಾ ತಗೀತೀರಾ?"

"ಕೆಲಸ ಮುಗದ ಮ್ಯಾಲ ಸ್ಟೇಷನ್ ಮುಚ್ಚಬಾರದೇನು? ನಾ ಏನ ಅನಾಡಿ ಮನಶಾ ಏನು?"

ಕಾಕು ರೊಟ್ಟಿ ಹಾಕುತ್ತಾ, "ನಲವತ್ತು ವರ್ಷ ಆತಪಾ ಹಿಂಗೇ. ನನಗೂ ಒಂದು ಪ್ಲಗ್ಗು ಇದ್ದಿದ್ರ ಊರಿಗಿ ಹೋಗುಮುಂದ ಕಿತ್ತಿಟ್ಟು ಹೋಗ್ತಿದ್ರು," ಎಂದರು.

ಆಗ ಎಲ್ಲವೂ ತಿಳಿಯಿತು. ಮನೆಯ ಇಂಟರ್ನೆಟ್ಟಿಗೆ ಕೊಡುವ ವಿಳಾಸ ಸ್ವಂತದ್ದಲ್ಲ, ಕಂಪನಿ ಆ ಹೊತ್ತಿಗೆ ಕೊಟ್ಟದ್ದು. ಮೋಡೆಮ್ ಆರಿಸಿ ಹೊತ್ತಿಸಿದರೆ ಬೇರೆ ವಿಳಾಸ ಸಿಗುತ್ತದೆ. ಕಾಕಾ ಶನಿವಾರ ಸಂಜೆ ಸ್ಟೇಷನ್ ಮುಚ್ಚಿ, ಭಾನುವಾರ ಏಳೂವರೆಗೆ ತೆರೆಯುವಾಗ ಅವರ ಮನೆ ಇಂಟರ್ನೆಟ್ಟಿನ ಲೆಕ್ಕದಲ್ಲಿ ಬೇರೆ ಓಣಿಗೆ ಹೋಗಿರುತ್ತಿತ್ತು. ನಾನು ಔರಂಗಾಬಾದಿನಲ್ಲಿ ಕೂತು ಹಳೆಯ ಓಣಿಯ ಯಾರದೋ ಬಾಗಿಲು ಬಡಿಯುತ್ತಿದ್ದೆ. ಹೊಸ ಓಣಿಯಿಂದ ಕಾಕಾ ಅವರ ಯಂತ್ರ ಬಂದು ನನ್ನ ಬಾಗಿಲು ತಟ್ಟಿದರೆ, ನನ್ನ ಯಂತ್ರ ಗುರುತಿಲ್ಲ ಎಂದು ತೆಗೆಯುತ್ತಿರಲಿಲ್ಲ. ನಮ್ಮ ಮನೆಯ ಮೋಡೆಮನ್ನು ನಾವು ಎಂದೂ ಆರಿಸಿದವರಲ್ಲ. ಅದರ ವಿಳಾಸ ತಿಂಗಳುಗಟ್ಟಲೆ ಅದೇ ಇತ್ತು. ಎಲ್ಲರ ಮನೆಯೂ ಹಾಗೇ ಎಂದುಕೊಂಡಿದ್ದೆ. ಎರಡು ವಾರದ ಚೀಟಿ ಹರಿಯದೆ ಪಕ್ಕಪಕ್ಕ ಇಟ್ಟಿದ್ದರೆ ಮೊದಲ ವಾರವೇ ಕಾಣುತ್ತಿತ್ತು.

ಮೋಡೆಮ್ ಒಂದನ್ನು ಆರಿಸಬೇಡಿ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲು ಬಾಯಿ ತೆರೆದೆ. ಹೊರಗೆ ಗುಡುಗಿತು. ಕಾಕಾ ಬಿಳಿ ಬಟ್ಟೆಯ ಸುಕ್ಕು ಸರಿಮಾಡುತ್ತಿದ್ದರು. ಹತ್ತು ದಿನಕ್ಕೆ ಆಸ್ಪತ್ರೆಗೆ ಹೋಗುವವರು. ಅವರಿಂದ ತೆಗೆಯುವುದು ಏನೇನಿದೆಯೋ ಅದನ್ನು ಡಾಕ್ಟರು ತೆಗೆಯುತ್ತಾರೆ. ನಾನೂ ಒಂದನ್ನು ಯಾಕೆ ತೆಗೆಯಬೇಕು ಅನ್ನಿಸಿತು.

"ದೋಷ ಸಿಕ್ತು ಕಾಕಾ," ಎಂದೆ.

"ಎಲ್ಲಿತ್ತು?"

"ನನ್ನ ಕಡೆ."

"ನಿನ್ನ ಕಡೆನಾ? ಮತ್ತ ನನ್ನ ಲೈನಿಗಿ ಬೈದ್ಯಲ್ಲೋ, ಪಾಪ ಆ ಲೈನ್‌ಮನ್ ಮಳ್ಯಾಗ ಕಂಬ ಹತ್ತಿ ಇಳದ."

ಅವರ ಮರ್ಯಾದೆಗೆಂದು ಹೇಳಿದ ಮಾತು ಅದು. ಹೇಳಿ ಮುಗಿಸುವಷ್ಟರಲ್ಲಿ ಅದೇ ನಿಜ ಎಂದು ಹೊಳೆಯಿತು. ಬದಲಾಗುವ ವಿಳಾಸವನ್ನು ಬದಲಾಗದ್ದು ಎಂದು ಬರೆದವನು ನಾನು. ಮರುದಿನ ಬೆಳಿಗ್ಗೆ ಕಾಕಾ ಸ್ಟೇಷನ್ ತೆರೆದು ಕೂಟ ನಡೆಸುವಾಗ ನಾನು ಪಕ್ಕದ ಸ್ಟೂಲಿನಲ್ಲಿದ್ದೆ. ಕೂಟ ಮುಗಿದ ಮೇಲೆ ಏನನ್ನೂ ಅಳಿಸದೆ ಒಂದೇ ಒಂದು ಸಂಗತಿ ತಿರುಗಿಸಿದೆ. ಇಷ್ಟು ದಿನ ಎರಡೂ ಕಡೆಯವರು ಒಬ್ಬರ ವಿಳಾಸ ಒಬ್ಬರು ಬರೆದಿಟ್ಟು ಕರೆಯುತ್ತಿದ್ದೆವು. ಇನ್ನು ಮುಂದೆ ನಾಸಿಕದ ಯಂತ್ರ ಎದ್ದ ಕೂಡಲೇ ತಾನೇ ಔರಂಗಾಬಾದಿಗೆ ಗುರುತಿನ ಮಾತು ಹೇಳಿ, ನಾನು ಇವತ್ತು ಇಲ್ಲಿದ್ದೇನೆ ಅನ್ನಬೇಕು. ನನ್ನ ಯಂತ್ರ ಅದು ಯಾವ ಓಣಿಯಿಂದ ಬಂದರೂ ಬಾಗಿಲು ತೆಗೆಯಬೇಕು. ಕಾಕಾಗೆ ಹೇಳಿ ನಾಲ್ಕು ಸಲ ಸ್ಟೇಷನ್ ಮುಚ್ಚಿಸಿ ತೆರೆಸಿದೆ. ನಾಲ್ಕು ಸಲವೂ ಕೂಡಿತು. ನಾಲ್ಕನೆಯ ಸಲ ಪ್ಲಗ್ಗು ಕೀಳುತ್ತಾ ಅವರು, "ನೀವು ಬ್ಯಾಂಕಿನವ್ರು ಸಹಿ ನಾಕ ನಾಕ ಸಲ ಮಾಡ್ಸೋದು ಯಾಕಂತ ಈಗ ತಿಳೀತು," ಎಂದರು.

ನಾಲ್ಕನೆಯ ಭಾನುವಾರ ಏಳೂ ಮೂವತ್ತೆರಡಕ್ಕೆ ನನ್ನ ತೆರೆಯ ಮೇಲೆ ನಾಸಿಕ ಬಂತು. ಎಂಟಕ್ಕೆ ಕಾಕಾ ಮೈಕು ಒತ್ತಿದರು. ದನಿ ಪಿಸುಮಾತಿನಷ್ಟಿತ್ತು.

"ಎಲ್ಲರಿಗೂ ಶರಣು ಶರಣಾರ್ಥಿ. ಇವತ್ತಿನಿಂದ ಕೂಟ ಬಸವರಾಜ ಅವರು ನಡಸ್ತಾರ. ಅವರು ಔರಂಗಾಬಾದಿನಾಗ ಕುಂತಾರ, ಆದ್ರ ನಿಮಗ ನನ್ನ ಮಾಳಿಗಿಯಿಂದೇ ಕೇಳಸ್ತಾರ. ಬಸವರಾಜ ಅವರೇ, ನೀವು ತಗೋರಿ."

ನಾನು ತೆಗೆದುಕೊಂಡೆ. ಐವರನ್ನೂ ಕರೆದೆ, ಐವರೂ ಬಂದರು. ಸಿನ್ನರಿನಿಂದ ಕುಲಕರ್ಣಿ, "ಸ್ವಚ್ಛ ಕೇಳಲಿಕ್ಕತ್ತದ್ರಿ, ಕಾಕಾರ ಮನೀ ಒಳಗೇ ಕೂತಂಗ," ಎಂದರು. ಕಾಕಾ ಮತ್ತೆ ಮೈಕು ಮುಟ್ಟಲಿಲ್ಲ.

ಮಂಗಳವಾರ ಆಪರೇಷನ್ ಆಯಿತು. ಮೂರು ಭಾನುವಾರ ನಾಸಿಕದ ಮಾಳಿಗೆ ಸುಮ್ಮನಿತ್ತು. ಸೆಟ್ಟಿನ ಮುಂದೆ ಲೈಸೆನ್ಸಿನವರು ಇರಬೇಕು, ಅವರು ಆಸ್ಪತ್ರೆಯಲ್ಲಿದ್ದರು. ನಾಲ್ಕನೆಯ ವಾರ ಕಾಕು ಫೋನ್ ಮಾಡಿ, "ಮನೀಗಿ ಬಂದೀವಿ. ಊಟ ಮೂಗಿನ ನಳಿಗಿಲೆ. ಗ್ವಾಡಿ ಕಡಿ ಮಾರಿ ಮಾಡಿ ಮಕ್ಕೋತಾರ. ಸೆಟ್ಟಿನ ಬಟ್ಟಿ ತಗದಿಲ್ಲ," ಎಂದರು. ನೀವು ಹೇಳಿ ನೋಡಿ ಎಂದೆ. "ನಾ ಯಾಕ ಹೇಳ್ಲಿ, ಅವರಿಗೇ ಗೊತ್ತಾಗಬೇಕು," ಎಂದು ಇಟ್ಟರು.

ಆ ವಾರದ ಭಾನುವಾರ ನಾನು ಏಳರಿಂದಲೇ ತೆರೆಯ ಮುಂದೆ ಕೂತಿದ್ದೆ. ಏಳೂವರೆ ಆಯಿತು. ಏಳೂ ಮುಕ್ಕಾಲು. ಸುನಂದಾ ಚಹಾ ಇಟ್ಟು, ಪಕ್ಕದಲ್ಲಿ ನಿಂತಳು. ಎಂಟಕ್ಕೆ ಮೂರು ನಿಮಿಷ ಇದ್ದಾಗ ನಾಸಿಕ ಬಂತು, ಹೊಸದೊಂದು ವಿಳಾಸದಿಂದ.

ಎಂಟಕ್ಕೆ ಶುರು ಮಾಡಿದೆ. ಕಾಕಾ ಕೈಬರಹದ ಹಾಜರಿ ಹಾಳೆ ನನ್ನ ಮುಂದಿತ್ತು. ಒಬ್ಬೊಬ್ಬರನ್ನೇ ಕರೆದೆ. ಮಳೆ, ಬಾಡಿಗೆ ಮನೆ, ದಸರೆಗೆ ಊರಿಗೆ ಹೋಗುವವರು, ರಜೆ ಸಿಗದವರು. ಕುಲಕರ್ಣಿಯವರದು ಮುಗಿಯಿತು. ಹಾಳೆ ಮುಗಿಯಿತು. ಆಗ ನೋಡಿದೆ, ಅದರಲ್ಲಿ ಕಾಕಾ ಅವರ ಹೆಸರೇ ಇಲ್ಲ. ಇರುವುದಾದರೂ ಹೇಗೆ? ಇಷ್ಟು ವರ್ಷ ಕರೆಯುತ್ತಿದ್ದವರು ಅವರು. ಅವರನ್ನು ಕರೆದವರು ಯಾರೂ ಇರಲಿಲ್ಲ.

"ವೀರಭದ್ರಪ್ಪ ಅವರೇ," ಎಂದು ಕರೆದೆ. "ಹಾಜರಿದ್ದೀರೇನು?"

ಮೈಕು ಬಿಟ್ಟೆ. ಬರಿಯ ಗಾಳಿಯ ಸುಯ್ಯುವ ಸದ್ದು. ದನಿ ಇಲ್ಲದವರನ್ನು ಕರೆದೆನಲ್ಲ ಎಂದು ಕೈ ಮತ್ತೆ ಮೈಕಿಗೆ ಹೋಗುವಷ್ಟರಲ್ಲಿ ಆ ಕಡೆ ಮೈಕು ಒತ್ತಿದ ಸದ್ದಾಯಿತು. ಆಮೇಲೆ ಮೋರ್ಸ್ ಬಜರಿನ ಸದ್ದು, ತಂತಿ ಇಲಾಖೆಯವರು ಅಕ್ಷರ ಕಳಿಸುತ್ತಿದ್ದ ಭಾಷೆ. ಗಿಡ್ಡ, ಗಿಡ್ಡ, ಗಿಡ್ಡ, ಉದ್ದ. ಅವರ ಲೈಸೆನ್ಸಿನ ಸಂಕೇತದ ಹೆಸರು, ಒಂದಕ್ಷರವೂ ಅವಸರವಿಲ್ಲದೆ. ಅದರ ಹಿಂದೆಯೇ ಮೂರು ಅಕ್ಷರ, ಒಂದು ಪೂರ್ತಿ ಮಾತಿಗೆ ತಂತಿಯವರು ಬಳಸುವ ಗುರುತು. ನಾನು ಬರೆದುಕೊಂಡೆ. ಮತ್ತೆ ಸುಯ್ಯುವ ಸದ್ದು.

ಕುಲಕರ್ಣಿ ಮೋರ್ಸ್ ಕಲಿಯದೆ ಪಾಸಾದವರು. "ಅದೇನ್ರಿ ಕುಂಯ್ ಕುಂಯ್ ಅಂತು? ಸೆಟ್ಟು ಕೆಟ್ಟದೇನು?" ಎಂದು ಕೇಳಿದರು.

"ಇಲ್ಲರಿ. ಕಾಕಾ ಹಾಜರಿ ಕೊಟ್ಟಾರ. ವಿಶೇಷ ಹೇಳೋದೇನೂ ಇಲ್ಲಂತ. ಎಲ್ಲರದೂ ಕೇಳ್ಲತ್ತದಂತ."

ಕೊನೆಯ ಮಾತು ಆ ಮೂರು ಅಕ್ಷರದಲ್ಲಿ ಇರಲಿಲ್ಲ, ನಾನು ಸೇರಿಸಿದ್ದು. ಕಾಕಾ ತಿದ್ದಲಿಲ್ಲ. ಹಾಳೆಯ ತುದಿಯಲ್ಲಿ ಆರನೆಯ ಹೆಸರು ಬರೆದು, ಮುಂದೆ ಹಾಜರು ಎಂದು ಗುರುತು ಹಾಕಿದೆ.